ದಾಖಲೆಯ ಭಾಷೆ, ಮನೆಯ ಮಾತು

ಕುಟುಂಬದ ವಂಶಾವಳಿಯನ್ನು ಅಚ್ಚು ಹಾಕಿಸುವ ಹುರುಪು ನಮ್ಮ ಕಾಸರಗೋಡಿನ ಕಡೆಯೂ ಕಾಣಿಸುತ್ತಿದೆ. ತರವಾಡು ಮನೆಯಲ್ಲಿ ನಾಗತಂಬಿಲಕ್ಕೋ ಕೋಲಕ್ಕೋ ಎಲ್ಲರೂ ಸೇರಿದಾಗ ಹಿರಿಯರೊಬ್ಬರು ಹೇಳುತ್ತಾರೆ, ಕಿರಿಯರೊಬ್ಬರು ಬರೆದುಕೊಳ್ಳುತ್ತಾರೆ; ಮರುವರ್ಷ ಮರದ ಚಿತ್ರವಿರುವ ಪುಸ್ತಕವೊಂದು ಕೈಗೆ ಬರುತ್ತದೆ. ಸಂತೋಷದ ವಿಷಯವೇ. ಆದರೆ ಇಂಥ ಪುಸ್ತಕಗಳ ಬಗ್ಗೆ ನನಗೊಂದು ತಕರಾರಿದೆ. ಅವುಗಳಲ್ಲಿ ಅನೇಕವು ಯಾವುದೋ ಅರಸನ ಆಸ್ಥಾನದಿಂದಲೋ ದೂರದ ಪುಣ್ಯಕ್ಷೇತ್ರದಿಂದಲೋ ಹೊರಟು ನೇರವಾಗಿ ಅಜ್ಜನ ಅಂಗಳಕ್ಕೆ ಬಂದಿಳಿಯುತ್ತವೆ. ನಡುವಿನ ಇನ್ನೂರು ವರ್ಷಗಳ ಕಾಗದಪತ್ರವನ್ನು ಯಾರೂ ಬಿಡಿಸಿ ನೋಡಿದಂತಿಲ್ಲ. ಕಾಗದಪತ್ರಗಳಿಂದ ಪೂರ್ವಿಕರನ್ನು ಹುಡುಕುವುದೆಂದರೆ ಏನು, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿಯಲು ಯುರೋಪಿನ ಸ್ಲೊವೇನಿಯಾ ಒಳ್ಳೆಯ ಉದಾಹರಣೆ. ಸಣ್ಣ ಭಾಷೆಯೊಂದನ್ನಾಡುವ ಜನರು ಶತಮಾನಗಳ ಕಾಲ ಬೇರೆಯವರ ಭಾಷೆಯ ಪುಸ್ತಕಗಳಲ್ಲಿ ದಾಖಲಾಗುತ್ತ ಬಂದ ಕಥೆ ಅದು. ಗಡಿಯ ಮಕ್ಕಳಾದ ನೀವೂ ನಿಮ್ಮ ಹೆತ್ತವರೂ ಅದನ್ನು ಸ್ವಲ್ಪ ತಿಳಿದುಕೊಳ್ಳಬೇಕೆಂಬ ಆಶಯದಿಂದ ಇದನ್ನು ಬರೆಯುತ್ತಿದ್ದೇನೆ.

ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾಗಳ ನಡುವೆ ಇರುವ ಸ್ಲೊವೇನಿಯಾ ವಿಸ್ತಾರದಲ್ಲಿ ಕೇರಳದ ಸುಮಾರು ಅರ್ಧದಷ್ಟು. ಜನಸಂಖ್ಯೆ 21 ಲಕ್ಷದಷ್ಟು. ರಾಜಧಾನಿ ಲ್ಯುಬ್ಲಿಯಾನ. ಅವರ ಭಾಷೆ ರಷ್ಯನ್ ಮೊದಲಾದವುಗಳ ಬಳಗಕ್ಕೆ ಸೇರಿದ ಸ್ಲೊವೇನಿಯನ್. ಸಂಸ್ಕೃತ ಓದುವ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯ: ಏಕವಚನ, ಬಹುವಚನಗಳಲ್ಲದೆ ದ್ವಿವಚನವೂ ಆ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಆ ಭಾಷೆಯ ಮೊದಲ ಪುಸ್ತಕಗಳನ್ನು ಪ್ರಿಮೋಝ್ ಟ್ರುಬಾರ್ ಎಂಬ ಧರ್ಮಬೋಧಕ 1550ರಲ್ಲಿ ಅಚ್ಚು ಹಾಕಿಸಿದ. ಆದರೆ ರಾಜ್ಯವಾಳಿದವರು ಹ್ಯಾಬ್ಸ್‌ಬರ್ಗ್ ಮನೆತನದ ಅರಸರು. ಕಚೇರಿಯ ಭಾಷೆ ಜರ್ಮನ್, ಇಗರ್ಜಿಯ ಭಾಷೆ ಲ್ಯಾಟಿನ್. 1918ರಲ್ಲಿ ಆ ಸಾಮ್ರಾಜ್ಯ ಬಿದ್ದುಹೋಯಿತು. 1920ರ ರಪಾಲ್ಲೊ ಒಪ್ಪಂದದಿಂದ ಪಶ್ಚಿಮದ ಭಾಗ ಇಟಲಿಗೆ ಸೇರಿತು. ಉಳಿದ ಹೆಚ್ಚಿನ ಭಾಗ ಮುಂದೆ ಯುಗೊಸ್ಲಾವಿಯ ಎನಿಸಿದ ರಾಜ್ಯದಲ್ಲಿತ್ತು. 1991ರ ಜೂನ್ 25ರಂದು ಸ್ಲೊವೇನಿಯಾ ಸ್ವತಂತ್ರವಾಯಿತು. ಪಶ್ಚಿಮದ ಹಳ್ಳಿಯೊಂದರಲ್ಲಿ 1910ರಲ್ಲಿ ಹುಟ್ಟಿ ತುಂಬು ಬಾಳು ಬಾಳಿದ ಮುದುಕಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮನೆಯ ಹೊಸ್ತಿಲು ಬಿಟ್ಟು ಕದಲದೆಯೇ ಅವಳು ಆಸ್ಟ್ರಿಯಾದವಳು, ಇಟಲಿಯವಳು, ಯುಗೊಸ್ಲಾವಿಯದವಳು, ಕೊನೆಗೆ ಸ್ಲೊವೇನಿಯಾದವಳು ಎನಿಸಿಕೊಂಡಿರಬೇಕು. ನಡುವೆ ಎರಡು ವರ್ಷ ಜರ್ಮನರ ಸೈನ್ಯದ ಆಳ್ವಿಕೆ ಬೇರೆ.

ಇಂಥ ಜನರ ಪೂರ್ವಿಕರನ್ನು ಹುಡುಕುವವರಿಗೆ ಮೊದಲ ಆಧಾರ ಇಗರ್ಜಿಯ ಪುಸ್ತಕಗಳು. ಪ್ರತಿ ಇಗರ್ಜಿಯ ಪಾದ್ರಿಯೂ ಜ್ಞಾನಸ್ನಾನ, ಮದುವೆಗಳನ್ನು ಬರೆದಿಡಬೇಕೆಂದು ಕೆಥೊಲಿಕರ ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. 1614ರ ನಿಯಮಗಳು ಸಾವುಗಳನ್ನೂ ಸೇರಿಸಿದವು. (ನಮ್ಮ ನೆರೆಯ ಕೊಂಕಣಿ ಕೆಥೊಲಿಕರ ಇಗರ್ಜಿಗಳಲ್ಲಿ ಇಂದಿಗೂ ಇಡುವ ಜ್ಞಾನಸ್ನಾನದ ಪುಸ್ತಕವೂ ಅದೇ ವಿಧಿಯ ಸಂತತಿ.) ಆರಂಭದ ಪುಸ್ತಕಗಳಲ್ಲಿ ಒಂದು ಮಗುವಿಗೆ ಒಂದೆರಡು ಸಾಲು ಮಾತ್ರ, ಅದೂ ಪಾದ್ರಿಯ ಮನಸ್ಸಿಗೆ ಬಂದ ಹಾಗೆ. 1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಇವನ್ನು ಸರಕಾರಿ ದಾಖಲೆಗಳೆಂದು ಸಾರಿ, ಗೆರೆ ಹಾಕಿದ ಕೋಷ್ಟಕಗಳನ್ನು ಕಡ್ಡಾಯ ಮಾಡಿದ. ತಾರೀಕು, ಮನೆಯ ನಂಬ್ರ, ಮಗುವಿನ ಹೆಸರು, ಧರ್ಮ, ಗಂಡೋ ಹೆಣ್ಣೋ, ತಂದೆತಾಯಿ ಮದುವೆಯಾದವರೋ ಅಲ್ಲವೋ, ಅವರ ಹೆಸರುಗಳು, ಜ್ಞಾನಸ್ನಾನಕ್ಕೆ ನಿಂತವರ ಹೆಸರುಗಳು ಹೀಗೆ ಅಂಕಣಗಳು. ಮನೆಗಳಿಗೆ ನಂಬ್ರ ಕೊಡುವ ಕ್ರಮ ಅದಕ್ಕಿಂತ ಸ್ವಲ್ಪ ಮುಂಚೆ, 1770ರಿಂದ, ಸೈನ್ಯಕ್ಕೆ ಜನ ಸೇರಿಸುವ ಸಲುವಾಗಿ ಆರಂಭವಾಗಿತ್ತು. ಸೈನಿಕರನ್ನು ಎಣಿಸಲು ಬರೆದ ನಂಬ್ರ ಇಂದು ಅಜ್ಜಿಯನ್ನು ಹುಡುಕಲು ಉಪಯೋಗವಾಗುತ್ತಿದೆ. ಆದರೆ ಆ ನಂಬ್ರಗಳೂ ನಡುನಡುವೆ ಬದಲಾದವು. 1800ರ 12ನೆಯ ಮನೆಯೇ 1900ರ 12ನೆಯ ಮನೆ ಎಂದು ತಿಳಿದರೆ ಪಕ್ಕದ ಮನೆಯವರ ಪೂರ್ವಿಕರು ನಮ್ಮವರಾಗಿಬಿಡುತ್ತಾರೆ!

ಇವುಗಳಿಗಿಂತ ಬೆಲೆಬಾಳುವುದು ಇನ್ನೊಂದು ಪುಸ್ತಕ. ಲ್ಯಾಟಿನ್ನಿನಲ್ಲಿ ಅದನ್ನು ‘ಸ್ಟಾಟುಸ್ ಅನಿಮಾರುಮ್’, ಎಂದರೆ ಆತ್ಮಗಳ ಸ್ಥಿತಿ ಎನ್ನುತ್ತಾರೆ. ಯಾರು ಈಸ್ಟರಿನ ಪಾಪನಿವೇದನೆಗೆ ಬಂದರು, ಯಾರು ಬರಲಿಲ್ಲ ಎಂದು ತಿಳಿಯಲು ಪಾದ್ರಿ ತನ್ನ ಊರಿನ ಜನರನ್ನು ಮನೆಮನೆಯಾಗಿ ಬರೆದಿಟ್ಟ ಪುಸ್ತಕ ಅದು. ಒಂದು ಪುಟಕ್ಕೆ ಒಂದು ಮನೆ. ಯಜಮಾನ, ಹೆಂಡತಿ, ಮಕ್ಕಳು, ಮುದಿ ತಾಯಿ, ಯಜಮಾನನ ಮದುವೆಯಾಗದ ತಮ್ಮ, ಕೆಲಸದಾಳು ಎಲ್ಲರೂ ಅಲ್ಲಿರುತ್ತಾರೆ. ಸತ್ತವರ ಹೆಸರಿನ ಮುಂದೆ ಒಂದು ಶಿಲುಬೆ. ಮದುವೆಯಾಗಿ ಹೋದ ಮಗಳ ಮುಂದೆ ಅವಳು ಸೇರಿದ ಊರು. ಕೆಲವರ ಮುಂದೆ ‘ಅಮೆರಿಕದಲ್ಲಿ’ ಎಂದಷ್ಟೇ ಬರೆದಿರುತ್ತದೆ. ಸರಕಾರಿ ಕೋಷ್ಟಕದಲ್ಲಿ ಚದರಿ ಹೋದ ಸಂಸಾರ ಇಲ್ಲಿ ಒಂದೇ ಸೂರಿನ ಕೆಳಗೆ ಕುಳಿತಿರುತ್ತದೆ. ಎಲ್ಲ ಇಗರ್ಜಿಗಳ ಇಂಥ ಪುಸ್ತಕಗಳು ಉಳಿದಿಲ್ಲ. ಉಳಿದಲ್ಲಿ ಹುಡುಕುವವನ ಪುಣ್ಯ.

ಹುಡುಕುವವರು ಯಾರು? ಊರಿನಲ್ಲೇ ಇರುವವರು ಕೆಲವರಾದರೆ, ಹೊರಗೆ ಹೋದವರ ಮೊಮ್ಮಕ್ಕಳು ಬಹಳ. 19ನೆಯ ಶತಮಾನದ ಕೊನೆಗೂ ಮೊದಲ ಮಹಾಯುದ್ಧಕ್ಕೂ ನಡುವೆ ಸ್ಲೊವೇನಿಯನ್ನರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋದರು. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ ಅವರ ದೊಡ್ಡ ನೆಲೆ. ಪಶ್ಚಿಮದ ಗೊರಿತ್ಸ ಕಡೆಯ ಹೆಂಗಸರು ಸುಯೆಜ್ ಕಾಲುವೆ ತೆರೆದ 1869ರ ಬಳಿಕ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಶ್ರೀಮಂತರ ಮನೆಗಳಲ್ಲಿ ದಾದಿಯರಾಗಿ ದುಡಿದರು. ತಮ್ಮ ಹಸುಗೂಸನ್ನು ಊರಲ್ಲಿ ಬಿಟ್ಟು ಬೇರೆಯವರ ಕೂಸಿಗೆ ಹಾಲೂಡಿಸಿದವರೂ ಅವರಲ್ಲಿದ್ದರು. ಕೊಲ್ಲಿ ರಾಷ್ಟ್ರಗಳಿಂದ ಬರುವ ಹಣದಿಂದ ಮನೆ ಕಟ್ಟಿದವರಿರುವ ನಮ್ಮ ಊರುಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಮೊಮ್ಮಗ ಹುಡುಕಲು ಹೊರಟಾಗ ಅವನ ಕೈಯಲ್ಲಿರುವುದು ಅಜ್ಜನ ಹೆಸರು ಮತ್ತು ‘ಆಸ್ಟ್ರಿಯಾ’ ಎಂಬ ಒಂದು ಪದ. ಆಗಿನ ಹಡಗಿನ ಪಟ್ಟಿಗಳಲ್ಲಿ ಅಜ್ಜನ ದೇಶ ಅದೇ. ಅಷ್ಟರಿಂದ ಏನೂ ಆಗದು. ಊರಿನ ಹೆಸರು ಬೇಕು, ಆ ಊರು ಯಾವ ಇಗರ್ಜಿಗೆ ಸೇರಿತ್ತೆಂಬುದು ಬೇಕು. ಆದ್ದರಿಂದ ತಿಳಿದವರು ಕೊಡುವ ಮೊದಲ ಸಲಹೆ, ಮನೆಯ ಪೆಟ್ಟಿಗೆಯಿಂದಲೇ ಪ್ರಾರಂಭಿಸಿ ಎಂಬುದು: ಹಳೆಯ ಪತ್ರಗಳು, ಪ್ರಾರ್ಥನಾ ಪುಸ್ತಕದೊಳಗಿನ ಚೀಟಿ, ಅಮೆರಿಕದ ಪೌರತ್ವದ ಅರ್ಜಿ, ಮದುವೆಯಾದ ಇಗರ್ಜಿಯ ದಾಖಲೆ. ಊರಿನ ಹೆಸರು ಸಿಕ್ಕರೂ ತೊಡಕು ಮುಗಿಯಿತೆನ್ನುವಂತಿಲ್ಲ. ‘ನೋವಾ ವಾಸ್’ ಎಂಬ ಹೆಸರಿನ ಹಳ್ಳಿಗಳು ಆ ಸಣ್ಣ ದೇಶದಲ್ಲಿ ಹಲವಿವೆ. ಅರ್ಥವೇನೆನ್ನುತ್ತೀರಿ? ಹೊಸೂರು! ಕನ್ನಡನಾಡಿನಲ್ಲಿ ಹೊಸೂರು ಎಷ್ಟಿವೆಯೆಂದು ಲೆಕ್ಕ ಹಾಕಿದರೆ ಆ ಮೊಮ್ಮಗನ ಪಾಡು ಅರ್ಥವಾದೀತು. ಪಟ್ಟಣಗಳಿಗೂ ಎರಡೆರಡು ಹೆಸರು. ಲ್ಯುಬ್ಲಿಯಾನ ಜರ್ಮನ್ ಕಾಗದಗಳಲ್ಲಿ ಲೈಬಾಖ್. ತ್ಸೆಲ್ಯೆ ಎಂಬುದು ತ್ಸಿಲ್ಲಿ. ಮಾರಿಬೋರ್ ಎಂಬುದು ಮಾರ್ಬುರ್ಗ್. ಜರ್ಮನಿಯಲ್ಲೂ ಒಂದು ಮಾರ್ಬುರ್ಗ್ ಇದೆಯಾಗಿ, ಎಚ್ಚರ ತಪ್ಪಿದವನು ಬೇರೊಂದು ದೇಶದಲ್ಲೇ ಅಜ್ಜನನ್ನು ಹುಡುಕುತ್ತ ಕೂರಬಹುದು.

ವ್ಯಕ್ತಿಗಳ ಹೆಸರಿನದು ಇನ್ನೂ ದೊಡ್ಡ ಪೇಚು. ಮನೆಯಲ್ಲಿ ‘ಯೆರ್ನೆಯ್’ ಎಂದು ಕರೆಸಿಕೊಂಡವನು ಪುಸ್ತಕದಲ್ಲಿ ‘ಬಾರ್ಥೊಲೊಮೆಯುಸ್’. ‘ನೇಝಾ’ ಎಂಬ ಹುಡುಗಿ ‘ಆಗ್ನೆಸ್’. ಕೊವಾಚ್ ಎಂಬ ಉಪನಾಮವನ್ನು ತೆಗೆದುಕೊಳ್ಳಿ. ಕಮ್ಮಾರ ಎಂದು ಅದರರ್ಥ. ಅದರ ಕೊನೆಯ ‘ಚ್’ ಎಂಬ ಒಂದು ಧ್ವನಿಯನ್ನು ಬರೆಯಲು ಜರ್ಮನ್ ಗುಮಾಸ್ತ ಟಿ, ಎಸ್, ಸಿ, ಎಚ್ ಎಂದು ನಾಲ್ಕು ಅಕ್ಷರ ಬಳಸಿದ. ಹಂಗೇರಿಯವ ಸಿ, ಎಸ್ ಎಂದು ಎರಡು ಅಕ್ಷರ ಬಳಸಿದ. ಸ್ಲೊವೇನಿಯನ್ನರು ತಾವೇ 1840ರ ದಶಕದವರೆಗೂ ಝಡ್, ಎಚ್ ಎಂದು ಬರೆಯುತ್ತಿದ್ದರು. ಆಮೇಲೆ ಸಿ ಅಕ್ಷರದ ತಲೆಗೊಂದು ಕೊಕ್ಕೆ ಇಟ್ಟರು. ಅಮೆರಿಕಕ್ಕೆ ಹೋದ ಮೇಲೆ ಆ ಕೊಕ್ಕೆಯೂ ಉದುರಿತು. ಹಡಗಿನಿಂದ ಇಳಿದ ದಿನ ಅಮೆರಿಕದ ಅಧಿಕಾರಿಗಳು ಹೆಸರು ಕೆಡಿಸಿದರೆಂದು ಹೇಳುವ ರೂಢಿಯಿದೆ. ಅದು ನಿಜವಲ್ಲ. ಪಟ್ಟಿ ತಯಾರಾಗುತ್ತಿದ್ದುದು ಹಡಗು ಹತ್ತುವ ಬಂದರಿನಲ್ಲಿ. ಇಳಿದಲ್ಲಿ ಅದನ್ನು ತಾಳೆ ನೋಡುತ್ತಿದ್ದರು ಅಷ್ಟೇ. ಹೆಸರು ಬದಲಿಸಿಕೊಂಡವರು ಬಹುಪಾಲು ಆಮೇಲೆ, ಕಾರ್ಖಾನೆಯಲ್ಲೋ ಶಾಲೆಯಲ್ಲೋ ಬಾಯಿಗೆ ಸುಲಭವಾಗಲೆಂದು ತಾವೇ ಬದಲಿಸಿಕೊಂಡರು.

ಇದೆಲ್ಲ ಸಾಲದೆಂಬಂತೆ ಹಳೆಯ ಜರ್ಮನ್ ಕೈಬರಹ ಬೇರೆ. ನಮ್ಮ ಮೋಡಿ ಅಕ್ಷರದ ಹಾಗೆ ಅದು ಓಡುವ ಬರಹ; ಅದರಲ್ಲಿ ಇಂಗ್ಲಿಷಿನ ‘ಇ’ ಮತ್ತು ‘ಎನ್’ ಅಕ್ಷರಗಳು ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಇಂದಿನ ಜರ್ಮನರಲ್ಲಿಯೂ ಕಲಿಯದವರು ಅದನ್ನು ಓದಲಾರರು.

ಈ ಗೊಂದಲದ ನಡುವೆ ಗಟ್ಟಿಯಾಗಿ ಉಳಿದದ್ದು ಮನೆಯ ಹೆಸರು. ಸ್ಲೊವೇನಿಯಾದ ಹಳ್ಳಿಗಳಲ್ಲಿ ಉಪನಾಮ ಬೇರೆ, ಮನೆಹೆಸರು ಬೇರೆ. ಅವರ ದೊಡ್ಡ ಕವಿ ಫ್ರಾಂತ್ಸೆ ಪ್ರೆಶೆರೆನ್ ಹುಟ್ಟಿದ್ದು 1800ರಲ್ಲಿ, ವ್ರ್ಬಾ ಎಂಬ ಹಳ್ಳಿಯಲ್ಲಿ. ಮನೆತನದ ಉಪನಾಮ ಪ್ರೆಶೆರೆನ್. ಊರವರಿಗೆ ಮಾತ್ರ ಅದು ‘ರಿಬಿಚ್’ ಅವರ ಮನೆ. ಹೊರಗಿನಿಂದ ಅಳಿಯನೊಬ್ಬ ಮನೆವಾಳ್ತೆಗೆ ಬಂದು ನಿಂತರೆ ಪುಸ್ತಕದಲ್ಲಿ ಉಪನಾಮ ಬದಲಾಗುತ್ತದೆ, ಊರಿನ ಬಾಯಲ್ಲಿ ಮನೆಹೆಸರು ಬದಲಾಗುವುದಿಲ್ಲ. ಪುಸ್ತಕದಲ್ಲಿ ಜರ್ಮನ್ ಬಂದು ಹೋಯಿತು, ಇಟಾಲಿಯನ್ ಬಂದು ಹೋಯಿತು. ಅಂಗಳದಿಂದ ಕೂಗಿ ಕರೆಯುವಾಗ ಬಳಸುವ ಹೆಸರು ಸ್ಲೊವೇನಿಯನ್ ಆಗಿಯೇ ಉಳಿಯಿತು. ಗೊರೆನ್ಸ್ಕ ಪ್ರಾಂತದಲ್ಲಿ ಈ ಹೆಸರುಗಳನ್ನು ಮುದುಕರಿಂದ ಕೇಳಿ ಸಂಗ್ರಹಿಸಿ, ಸುಟ್ಟ ಮಣ್ಣಿನ ಫಲಕದಲ್ಲಿ ಬರೆದು ಮನೆಗಳ ಗೋಡೆಗೆ ಹಾಕುವ ಕೆಲಸ 2009ರಿಂದ ನಡೆದಿದೆ. ಗಡಿಯಾಚೆ ಆಸ್ಟ್ರಿಯಾದ ಕರಿಂಥಿಯಾದಲ್ಲಿ ಸ್ಲೊವೇನಿಯನ್ನರು ಅಲ್ಪಸಂಖ್ಯಾತರು. ಅಲ್ಲಿ 1972ರಲ್ಲಿ ಎರಡು ಭಾಷೆಗಳ ಊರ ಫಲಕಗಳನ್ನು ಹಾಕಿದಾಗ ಜನರು ಗುಂಪುಗೂಡಿ ಕಿತ್ತೆಸೆದಿದ್ದರು. 164 ಊರುಗಳಿಗೆ ಅಂಥ ಫಲಕ ಹಾಕುವ ಒಪ್ಪಂದವಾದದ್ದು 2011ರಲ್ಲಿ. ಅದೇ ಕರಿಂಥಿಯಾದ ಸ್ಲೊವೇನಿಯನ್ ಮನೆಹೆಸರು, ಹೊಲದ ಹೆಸರುಗಳನ್ನು 2010ರಲ್ಲಿ ಆಸ್ಟ್ರಿಯಾ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಊರ ಫಲಕದ ಜಗಳ ಮುಗಿಯುವ ಮೊದಲೇ ಗದ್ದೆಯ ಹೆಸರಿಗೆ ಮನ್ನಣೆ ಸಿಕ್ಕಿತೆಂಬುದು ನನಗೆ ತಮಾಷೆಯಾಗಿಯೂ ಸಮಾಧಾನಕರವಾಗಿಯೂ ಕಾಣುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ದಾಖಲೆ ಯಾವ ಭಾಷೆಯಲ್ಲಿದೆಯೋ ಮನೆಯವರೂ ಆ ಭಾಷೆಯವರೇ ಎಂದು ತೀರ್ಮಾನಿಸಬಾರದು. ಆಸ್ಟ್ರಿಯಾದ ಸರಕಾರ 1880ರಿಂದ ಜನಗಣತಿಯಲ್ಲಿ ಭಾಷೆಯನ್ನು ಕೇಳುತ್ತಿತ್ತು. ಆದರೆ ಕೇಳಿದ್ದು ತಾಯಿನುಡಿಯನ್ನಲ್ಲ, ದಿನಬಳಕೆಯ ಭಾಷೆಯನ್ನು. ಇಟಾಲಿಯನ್ ಯಜಮಾನನ ಮನೆಯಲ್ಲಿ ಕೆಲಸಕ್ಕಿದ್ದ ಸ್ಲೊವೇನಿಯನ್ ಹುಡುಗಿ ದಿನವಿಡೀ ಆಡುವುದು ಇಟಾಲಿಯನ್. ಪಟ್ಟಿಯಲ್ಲಿ ಅವಳು ಇಟಾಲಿಯನ್. ಟ್ರಿಯೆಸ್ಟೆ ನಗರದ 1910ರ ಗಣತಿಯನ್ನು ನಗರಾಡಳಿತದವರು ತಿರುಚಿದರೆಂದು ಸ್ಲೊವೇನಿಯನ್ನರು ದೂರಿತ್ತರು. ಸರಕಾರ ಮರುಪರಿಶೀಲನೆ ಮಾಡಿಸಿತು. ಆಗ ಅವರ ಸಂಖ್ಯೆ ಸುಮಾರು 20 ಸಾವಿರದಷ್ಟು ಏರಿ 56,916 ಆಯಿತು. ಅದೇ ಊರು, ಅದೇ ಜನ, ಅದೇ ವರ್ಷ. ಕೇಳುವವರು ಬದಲಾದಾಗ ಉತ್ತರವೂ ಬದಲಾಯಿತು. ಆ ಮೊದಲ ಪಟ್ಟಿಯನ್ನು ಮಾತ್ರ ನೋಡಿದ ಮರಿಮಗ ತನ್ನ ಮುತ್ತಜ್ಜಿಯ ಮಾತು ಇಟಾಲಿಯನ್ ಎಂದೇ ನಂಬುತ್ತಾನೆ. ಮುಂದೆ 1920ರ ದಶಕದಲ್ಲಿ ಇಟಲಿಯ ಫ್ಯಾಸಿಸ್ಟ್ ಸರಕಾರ ಹೆಸರುಗಳಿಗೇ ಕೈ ಹಾಕಿತು. ‘ವೊದೊಪಿವೆತ್ಸ್’ ಎಂದರೆ ನೀರು ಕುಡಿಯುವವ; ಅದನ್ನು ಅನುವಾದಿಸಿ ‘ಬೆವಿಲಾಕ್ವ’ ಮಾಡಿದರು. ಹಳೆಯ ಇಗರ್ಜಿಯ ಪುಸ್ತಕವಿಲ್ಲದಿದ್ದರೆ ಈ ಎರಡು ಹೆಸರು ಒಂದೇ ಮನೆಯವು ಎಂದು ತೋರಿಸಿಕೊಡುವವರಾರು?

ಪೂರ್ವಿಕರನ್ನು ಹುಡುಕುವ ಕೆಲಸ ಕುಲದ ಹೆಮ್ಮೆಗೆ ಗಾಳಿ ಹಾಕುತ್ತದೆ, ಅದು ಬೇಡ ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಹಿಟ್ಲರನ ಜರ್ಮನಿಯಲ್ಲಿ ತಾನು ‘ಆರ್ಯ’ನೆಂದು ಸಾಬೀತುಪಡಿಸಲು ಅಜ್ಜ ಅಜ್ಜಿಯರ ಜ್ಞಾನಸ್ನಾನದ ಪ್ರತಿಗಳನ್ನು ಹಾಜರುಪಡಿಸಬೇಕಾಗಿತ್ತು, ಇಗರ್ಜಿಯ ಪುಸ್ತಕಗಳೇ ಜನರನ್ನು ಬೇರ್ಪಡಿಸುವ ಸಾಧನವಾದವು. ಸ್ವತಃ ಪಟ್ಟಿಗಳಿಂದ ನೊಂದ ಸ್ಲೊವೇನಿಯಾ ಕೂಡ ಸ್ವತಂತ್ರವಾದ ಮರುವರ್ಷ, 1992ರ ಫೆಬ್ರವರಿ 26ರಂದು, ಯುಗೊಸ್ಲಾವಿಯದ ಬೇರೆ ಭಾಗಗಳಿಂದ ಬಂದು ನೆಲೆಸಿದ್ದ 25,671 ಜನರ ಹೆಸರನ್ನು ಖಾಯಂ ನಿವಾಸಿಗಳ ಪಟ್ಟಿಯಿಂದ ಸದ್ದಿಲ್ಲದೆ ಅಳಿಸಿಹಾಕಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಆ ಸರಕಾರವನ್ನು ತಪ್ಪಿತಸ್ಥನೆಂದಿತು. ಸಣ್ಣ ಭಾಷೆಯವರು ಎಂಬ ಮಾತ್ರಕ್ಕೆ ನ್ಯಾಯವಂತರಾಗಿರುತ್ತಾರೆಂದೇನೂ ಇಲ್ಲ.

ಆದರೂ ಹುಡುಕಬೇಕೆಂದೇ ನನ್ನ ಅಭಿಪ್ರಾಯ. ಪುಸ್ತಕವನ್ನು ಪುಟ ಬಿಡದೆ ಓದಿದವನಲ್ಲಿ ಕುಲದ ಹೆಮ್ಮೆ ಹೆಚ್ಚು ಕಾಲ ನಿಲ್ಲಲಾರದು. ಸ್ಲೊವೇನಿಯಾದಲ್ಲಿ ಅತ್ಯಂತ ಹೆಚ್ಚು ಜನರ ಉಪನಾಮ ‘ನೊವಾಕ್’. ಎಂದರೆ ಹೊಸದಾಗಿ ಬಂದವನು. ಎರಡನೆಯದು ‘ಹೊರ್ವಾತ್’, ಎಂದರೆ ಕ್ರೊಯೇಷಿಯಾದವನು. ಮಣ್ಣಿನ ಮಕ್ಕಳೆನ್ನುವವರ ಹೆಸರಿನಲ್ಲೇ ಅವರು ಎಲ್ಲಿಂದಲೋ ಬಂದವರೆಂದು ಬರೆದಿದೆ. ಸಾವಿನ ಪುಸ್ತಕ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಕಾರಣದ ಅಂಕಣದಲ್ಲಿ ‘ಫ್ರೈಸನ್’ ಎಂಬ ಜರ್ಮನ್ ಪದ ಸಾಲುಸಾಲಾಗಿ ಬರುತ್ತದೆ. ನಮ್ಮ ಹಳಬರು ಬಾಲಗ್ರಹ ಎನ್ನುತ್ತಿದ್ದ, ಕೂಸುಗಳಿಗೆ ಬರುವ ಸೆಳವು ಅದು. ಸಿಡುಬು, ಕ್ಷಯ, 1855ರ ಕಾಲರಾ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ, ಅದೂ ಸತ್ತರೆ ಮೂರನೆಯದಕ್ಕೆ ಇಟ್ಟಿರುತ್ತಾರೆ. ತಂದೆಯ ಅಂಕಣ ಖಾಲಿಯಿರುವ ಮಕ್ಕಳು, ಹೆಂಡತಿ ಸತ್ತು ಕೆಲವೇ ವಾರಗಳಲ್ಲಿ ಕೂಸುಗಳ ಸಲುವಾಗಿ ಮರುಮದುವೆಯಾದ ಗಂಡ, ಹೊಲವಿಲ್ಲದ ಕೂಲಿ. ಮಹಾರಾಜರು ಯಾರೂ ಸಿಗುವುದಿಲ್ಲ. ಬದುಕಿ ಉಳಿದವರ ಮಕ್ಕಳು ತಾವು ಎಂಬುದು ಮಾತ್ರ ಮನವರಿಕೆಯಾಗುತ್ತದೆ.

ಇಂದು ಲ್ಯುಬ್ಲಿಯಾನ ಮತ್ತು ಮಾರಿಬೋರ್ ಧರ್ಮಪ್ರಾಂತಗಳ ಹಳೆಯ ಪುಸ್ತಕಗಳ ಪುಟಗಳನ್ನು ‘ಮಾತ್ರಿಕುಲಾ’ ಎಂಬ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. 1817ರ ಆಜ್ಞೆಯಂತೆ ಅಳತೆ ಮಾಡಿದ ಜಮೀನಿನ ನಕ್ಷೆಗಳು ಸರಕಾರಿ ಪತ್ರಾಗಾರದಲ್ಲಿವೆ. ಅಜ್ಜನ ಮನೆಯ ಹಿತ್ತಲು ಎಷ್ಟಗಲವಿತ್ತೆಂದು ಅವುಗಳಲ್ಲಿ ತಿಳಿಯುತ್ತದೆ. ಬದುಕಿರುವವರ ಮಾನಕ್ಕೆ ಕುಂದಾಗಬಾರದೆಂದು ಇತ್ತೀಚಿನ ಜನನದ ದಾಖಲೆಗಳನ್ನು ಎಲ್ಲರಿಗೂ ತೆರೆದಿಡುವುದಿಲ್ಲ, ಅದು ಸರಿಯೇ. ಆದರೆ ಸುಲಭವಾದಷ್ಟೂ ಸೋಮಾರಿತನವೂ ಬೆಳೆಯುತ್ತದೆ. ಬೇರೆಯವರು ಅಂತರ್ಜಾಲದಲ್ಲಿ ಹಾಕಿದ ವಂಶವೃಕ್ಷವನ್ನು ಹಾಗೆಯೇ ನಕಲು ಮಾಡಿ, ಅದನ್ನು ಮತ್ತೊಬ್ಬರು ನಕಲು ಮಾಡಿ, ಒಂದು ತಪ್ಪು ನೂರು ಕಡೆ ನಿಜವಾಗಿಬಿಡುತ್ತದೆ. ಮೂಲ ಪುಟವನ್ನು ಕಣ್ಣಾರೆ ಕಾಣದೆ ಬರೆದ ಹೆಸರಿಗೆ ನಾನು ಬೆಲೆ ಕೊಡುವುದಿಲ್ಲ.

ಇನ್ನು ನಮ್ಮ ವಿಷಯ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದಕ್ಕಿಂತ ಹಿಂದಿನ ನಮ್ಮ ಮನೆಗಳ ಗೇಣಿಚೀಟು, ಕ್ರಯಚೀಟು, ಶಾಲೆಯ ದಾಖಲೆಗಳಲ್ಲಿ ಕನ್ನಡ ಹೇರಳವಾಗಿದೆ, ಈಚಿನವು ಮಲಯಾಳದಲ್ಲಿವೆ. ಹಳೆಯದನ್ನು ಓದಬಲ್ಲ ಮಕ್ಕಳು ಕಡಿಮೆಯಾಗುತ್ತಿರುವುದು ನಮ್ಮಂಥ ಶಾಲೆಗಳ ದೊಡ್ಡ ಚಿಂತೆ. ಆದರೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆ ಕನ್ನಡ ಕಾಗದಗಳಿದ್ದ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಮರಾಠಿ ಅಥವಾ ಮಲಯಾಳವಾಗಿತ್ತು. ಟ್ರಿಯೆಸ್ಟೆಯ ಪಟ್ಟಿಗೆ ಅನ್ವಯಿಸುವ ನ್ಯಾಯ ನಮ್ಮ ಕಡತಗಳಿಗೂ ಅನ್ವಯಿಸುತ್ತದೆ. ಕಾಗದ ತೋರಿಸಿ ಇವರೆಲ್ಲ ಕನ್ನಡಿಗರೆಂದು ನಾವು ವಾದಿಸುವುದೂ, ಇನ್ನೊಂದು ಕಾಗದ ತೋರಿಸಿ ಅಲ್ಲವೆಂದು ಬೇರೆಯವರು ವಾದಿಸುವುದೂ ಎರಡೂ ಅರೆಬರೆ.

ವಂಶಾವಳಿ ಅಚ್ಚು ಹಾಕಿಸುವ ಹಿರಿಯರಲ್ಲಿ ಒಂದು ವಿನಂತಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ಸ್ಲೊವೇನಿಯಾದ 19ನೆಯ ಶತಮಾನದ ಪುಸ್ತಕಗಳಲ್ಲಿ ತಾಯಿಯ ತವರಿನ ಹೆಸರನ್ನೂ ಸಾಮಾನ್ಯವಾಗಿ ಬರೆದಿರುತ್ತಾರೆ. ಅದರಿಂದಲೇ ಅರ್ಧ ಸಂಸಾರ ಪತ್ತೆಯಾಗುತ್ತದೆ. ನಮ್ಮ ಪುಸ್ತಕಗಳಲ್ಲಿ ಮಗಳು ಮದುವೆಯಾದ ಕೂಡಲೇ ಕೊಂಬೆ ಮುರಿದು ಬೀಳುತ್ತದೆ. ಅಳಿಯಸಂತಾನದವರ ಪಟ್ಟಿಗಳಲ್ಲಿ ಈ ದೋಷವಿಲ್ಲವಾದರೂ ಅಲ್ಲಿ ತಂದೆಯ ಕಡೆ ಮಸುಕು.

ವಿದ್ಯಾರ್ಥಿಗಳಿಗೆ ಈ ಬೇಸಿಗೆ ರಜೆಯಲ್ಲಿ ಮಾಡಲು ಕೆಲಸವಿದೆ. ಮನೆಯ ಮರದ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದವನ್ನು ಹಿರಿಯರ ಅಪ್ಪಣೆ ಪಡೆದು ತೆಗೆಯಿರಿ. ಪ್ಲಾಸ್ಟಿಕ್ ಹಾಳೆಯಲ್ಲಿ ಅಂಟಿಸಲು ಕೊಡಬೇಡಿ, ಮೂಲವನ್ನು ಯಾರ ಕೈಗೂ ಒಪ್ಪಿಸಬೇಡಿ, ನೋಡಿ ಬರೆದುಕೊಳ್ಳಿ. ಹೆಸರನ್ನು ಅಲ್ಲಿ ಹೇಗೆ ಬರೆದಿದೆಯೋ ಹಾಗೆಯೇ ಇಳಿಸಿ, ತಿದ್ದಬೇಡಿ. ಅದರ ಪಕ್ಕದಲ್ಲಿ ಕಾಗದದ ತಾರೀಕು, ಭಾಷೆ, ಲಿಪಿ. ಅದರ ಕೆಳಗೆ, ಅಜ್ಜಿಯನ್ನು ಕೇಳಿ, ಅದೇ ವ್ಯಕ್ತಿಯನ್ನು ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರು, ಅಜ್ಜಿ ಹುಟ್ಟಿದ ಮನೆಯ ಹೆಸರೇನು, ಬೈಲುಗದ್ದೆಗೆ, ಬಾವಿಕಟ್ಟೆಗೆ, ಗುಡ್ಡೆಗೆ ಏನೆನ್ನುತ್ತಿದ್ದರು, ಯಾವ ಭಾಷೆಯಲ್ಲಿ ಎನ್ನುತ್ತಿದ್ದರು. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆಯಿರಿ, ಮಲಯಾಳದಲ್ಲಿ ಹೇಳಿದರೆ ಹಾಗೆಯೇ. ಶಾಲೆ ತೆರೆದ ಮೇಲೆ ಪುಟಗಳನ್ನು ತಂದರೆ ತರಗತಿವಾರು ಹೊಲಿದು ಗ್ರಂಥಾಲಯದ ಕಪಾಟಿನಲ್ಲಿ ಇರಿಸಬಹುದು.